ಬೆಳಂಬಾರದ ಬಳ್ಳಿ

ಜೂನ್ 3, 2005

ಬಂದು ಮುಟ್ಟಿದೆ. ವಿಜಾಪುರದಲ್ಲಿ ಬಸ್ಸು ಹತ್ತಿದವಳು ಹುಬ್ಬಳ್ಳಿ ದಾಟಿದ ಮೇಲೆ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಅಂಕೋಲೆ. ಕಂಡಕ್ಟರ್ ನನ್ನ ಟ್ರಂಕು ಇಳಿಸಿ, "ಇದ್ರಗೆ ಕಲ್ಲ್ ತುಂಬ್ಕಂಡ್ ಬಂದ್ರಾ ಹೇಗೆ?" ಎಂದು ಗೊಣಗಿದ. ಕಲ್ಲಲ್ಲಪ್ಪಾ, ಜೋಳದ ಹಿಟ್ಟು. ಇಲ್ಲಿಯವರು ಮೂರು ಹೊತ್ತೂ ಅನ್ನ ತಿನ್ನುತ್ತಾರಂತೆ, ನನ್ನ ಗತಿ ಏನು?

ನಮ್ಮ ಜಿಲ್ಲೆಯಲ್ಲಿ ಮಾಸ್ತರಿಕೆಗೆ ಅರ್ಜಿ ಹಾಕಿದವರು ಒಂದು ಸಂತೆಗಾಗುವಷ್ಟು. ಉತ್ತರ ಕನ್ನಡಕ್ಕೆ ಹಾಕಿದರೆ ನೌಕರಿ ಸಿಕ್ಕೇ ಸಿಗುತ್ತದೆ ಎಂದು ಸಿದ್ರಾಮನೇ ಅರ್ಜಿ ತುಂಬಿಸಿದ್ದು. ಮಂದಿ ಮುಂದೆ ಗಂಡನಿಗೆ 'ಇವರು' ಅನ್ನಬೇಕು. ಇಲ್ಲಿ ಬರೆಯುವಾಗ ಸಿದ್ರಾಮ. ಯಾರು ನೋಡುತ್ತಾರೆ? ಅವನಿಗೆ ಇಂಡಿ ಬಸ್ ಡಿಪೋದ ಕೆಲಸ ಬಿಟ್ಟು ಬರುವ ಹಾಗಿಲ್ಲ. ಸುಮ್ಮಿಯನ್ನು ಈಗಲೇ ಕರೆತರುತ್ತೇನೆಂದು ಹಟ ಹಿಡಿದೆ. ಅತ್ತೆ ಬಿಡಲಿಲ್ಲ. "ಆರು ವರ್ಷದ ಕೂಸು, ಆ ಮಳ್ಯಾಗ ಕೆಮ್ಮಿ ಸಾಯ್ತದ" ಅಂದರು. ಕೊನೆಗೆ ಸಿದ್ರಾಮ ತೀರ್ಮಾನ ಹೇಳಿದ. "ನೀ ಮದಲ ಹೋಗಿ ಮನಿ ಹಸನ ಮಾಡ್ಕೋ. ದಸರಾ ಸೂಟಿಗೆ ನಾನೇ ಕರ್ಕೊಂಡು ಬರ್ತೀನಿ. ಮನಿ ಕೂಸಿಗೆ ತಕ್ಕಂಗ ಇದ್ರ ಬಿಟ್ಟು ಹೋಗ್ತೀನಿ, ಇಲ್ಲಂದ್ರ ಅಕಿ ಅಜ್ಜಿ ಕಡೇನ ಇರ್ತಾಳ. ಆಮ್ಯಾಲ ಅತ್ತು ಕರದು ಮಾಡಬ್ಯಾಡ." ಹೊರಡುವಾಗ ಸುಮ್ಮಿ ನನ್ನ ಸೆರಗು ಬಿಡದೆ ಹಿಡಿದಿದ್ದಳು. ಬೆರಳು ಒಂದೊಂದಾಗಿ ಬಿಡಿಸಿದೆ.

ಬೆಳಂಬಾರದಲ್ಲಿ ನನ್ನ ಮನೆ ಶಾಲೆಯ ಹಿಂದೆಯೇ ಇದೆ. ಮಾಲಕಿ ಗೋದಾವರಿಬಾಯಿ, ಪಕ್ಕದ ಮನೆಯವರು. ಬಾಗಿಲು ತೆರೆಯಲು ಬಾರದೆ ಒದ್ದಾಡುತ್ತಿದ್ದರೆ, "ಉಬ್ಬಿಹೋಗದೆ ಅಕ್ಕೋರೆ, ಕಾಲ್ ಕೊಟ್ಟು ದೂಡಿ, ನಾಚ್ಕಿ ಬೇಡ" ಎಂದು ನಕ್ಕರು. ಇಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಹಿಂದಿನ ಸಣ್ಣ ಕೋಣೆಗೆ ದೊಡ್ಡ ಕಿಟಕಿ. ಅದು ಸುಮ್ಮಿಗೆ. ಅಂಕೋಲೆ ಪೇಟೆಯಲ್ಲಿ ಒಂದು ಸಣ್ಣ ಮಂಚ ನೋಡಿಟ್ಟಿದ್ದೇನೆ.

ಬಾವಿಗೆ ಬಗ್ಗಿದರೆ ನೀರು ಕೈಗೆ ಸಿಗುತ್ತದೆ. ನಾನು ಬಗ್ಗಿ ಮುಟ್ಟಿಯೂ ನೋಡಿದೆ.

ಜೂನ್ 14

ಮಳೆ ಹಿಡಿದದ್ದು ಬಿಟ್ಟಿಲ್ಲ. ನಮ್ಮೂರಲ್ಲಿ ಮಳೆ ಬಂದರೆ ಮನೆಯಿಂದ ಹೊರಗೆ ಓಡುತ್ತೇವೆ, ಇಲ್ಲಿಯವರು ಒಳಗೆ ಓಡುತ್ತಾರೆ. ಮೊದಲ ದಿನ ಅಂಗಳದಲ್ಲಿ ನಿಂತು ನೆನೆದೆ. ಗೋದಾವರಿಬಾಯಿ ತಮ್ಮ ಜಗಲಿಯಿಂದ ನೋಡಿ, ತಲೆಯಾಡಿಸಿ ಒಳಗೆ ಹೋದರು.

ಸೀರೆ ಒಣಗುವುದಿಲ್ಲ. ಉಪ್ಪಿನ ಡಬ್ಬಿಯಲ್ಲಿ ನೀರು. ಕಡಕ್ ರೊಟ್ಟಿ ಮೊದಲು ಮೆತ್ತಗಾಯಿತು, ಆಮೇಲೆ ಹಸಿರಾಯಿತು. ನಾಯಿಗೆ ಹಾಕಿದೆ, ಅದೂ ಮೂಸಿ ಹೋಯಿತು. ಶಾಲೆಯಲ್ಲಿ ನಾನು "ಕುಂದರ್ರಿ" ಅಂದರೆ ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಾರೆ. ಹೆಡ್ ಮಾಸ್ತರು ಹರಿಶ್ಚಂದ್ರ ನಾಯ್ಕರು ಒಳ್ಳೆಯವರು. "ಒಂದ್ ಮಳಗಾಲ ಕಳೀಲಿ, ನೀವೂ ನಮ್ಮವ್ರೇ ಆಗ್ತ್ರಿ" ಅಂದರು. ನನಗೆ ಇವರವಳು ಆಗುವ ಆಸೆ ಏನೂ ಇಲ್ಲ. ಐದು ವರ್ಷ ತೆಗೆದು, ವರ್ಗ ಮಾಡಿಸಿಕೊಂಡು ಹೋಗುವವಳು ನಾನು.

ಸುಮ್ಮಿ ಬಹಳ ನೆನಪಾಗುತ್ತಾಳೆ. ಅನ್ನ ಕಲಸುವಾಗ ಸಣ್ಣ ತುತ್ತು ಮಾಡಿ ಇಟ್ಟುಬಿಡುತ್ತೇನೆ, ಆಮೇಲೆ ನಾನೇ ತಿನ್ನುತ್ತೇನೆ.

ಜೂನ್ 25

ಸುಮ್ಮಿಯ ಕೋಣೆಯಲ್ಲಿ ಒಂದು ಮೊಳಕೆ ಬಂದಿದೆ! ಕಿಟಕಿಯ ಕೆಳಗೆ ಗಾರೆ ಬಿಟ್ಟ ಸಂದಿಯಲ್ಲಿ. ಎರಡೇ ಎಲೆ, ಎಷ್ಟು ಹಸಿರು ಅಂದರೆ ಕೋಣೆಯಲ್ಲಿ ದೀಪ ಬೇಡ.

ತಾನಾಗಿ ಹುಟ್ಟಿದ್ದನ್ನು ಕೀಳಬಾರದು ಅಂತ ನನ್ನ ಅವ್ವ ಹೇಳುತ್ತಿದ್ದಳು. ನಮ್ಮ ಬಚ್ಚಲ ಮೋರಿಯ ಬಾಯಲ್ಲಿ ಒಂದು ಬೇವಿನ ಸಸಿ ಎದ್ದಾಗ ಮನೆಮಂದಿಯೆಲ್ಲ ಮುಖ ತೊಳೆದ ನೀರು ಹಿಡಿದಿಟ್ಟು ಅದಕ್ಕೆ ಹಾಕುತ್ತಿದ್ದೆವು. ಅದನ್ನು ದಾಟುವಾಗ ಲಂಗ ಎತ್ತಿ ಹಿಡಿಯುತ್ತಿದ್ದೆವು. ಆ ಅಭ್ಯಾಸ ಎಲ್ಲಿ ಹೋಗುತ್ತದೆ? ಅಕ್ಕಿ ತೊಳೆದ ನೀರು ತಂದು ಹಾಕಿದೆ. ತರಕಾರಿ ಮಾರಲು ಬರುವ ಕಾಮಿ ಕಿಟಕಿಯಿಂದ ನೋಡಿ ಬುಟ್ಟಿ ಕೆಳಗಿಟ್ಟು ನಕ್ಕಳು.

"ಎಂತಾ ಮಾಡ್ತ್ರಿ ಅಕ್ಕೋರೆ? ಮಳಗಾಲ್ದಗೆ ನೀರ್ ಹಾಕೂದಾ? ಇಲ್ಲಿ ನೀರ್ ಹಾಕೂದಲ್ಲ, ಕತ್ತಿ ಹಾಕೂದು!"

"ಇರ್ಲಿ ಬಿಡವ್ವಾ, ಕೂಸಿನ ಕ್ವಾಣಿ. ಹಸರ ಇದ್ರ ಚಲೋ."

"ಈಗ ಕೂಸಿನ ಕ್ವಾಣಿ" ಅಂದಳು ಕಾಮಿ, ನನ್ನ ಹಾಗೆಯೇ ಎಳೆದು. ಬಸಳೆ ಸೊಪ್ಪಿಗೆ ಒಂದು ರೂಪಾಯಿ ಹೆಚ್ಚು ಹೇಳಿ ಹೋದಳು.

ಜುಲೈ 6

ಇವತ್ತು ಊರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ನಾನೂ ಬಾವಿಕಟ್ಟೆಯ ಮಗ್ಗುಲಿನ ಕೆಂಪು ಮಣ್ಣು ತಂದು ಜೋಡಿ ಎತ್ತು ಮಾಡಿದೆ. ಸುಮ್ಮಿ ಇದ್ದಿದ್ದರೆ ಕೋಡಿಗೆ ಕುಸುಬಿ ಅಂಟಿಸುತ್ತಿದ್ದಳು. ಅವಳ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟು ಪೂಜೆ ಮಾಡಿದೆ. ಒಬ್ಬಳೇ ಹೋಳಿಗೆ ತಿನ್ನುವುದು ಎಂಥ ಶಿಕ್ಷೆ.

ಜುಲೈ 11

ಎತ್ತುಗಳು ಒಣಗಲೇ ಇಲ್ಲ. ಇವತ್ತು ನೋಡುತ್ತೇನೆ, ಎರಡರ ಬೆನ್ನ ಮೇಲೂ ಕೂದಲು ಬಂದಿದೆ. ಹತ್ತಿರ ಹೋದರೆ ಹುಲ್ಲು. ಒಂದರ ಕಣ್ಣಿಗೆ ಗುರಗಂಜಿ ಇಟ್ಟಿದ್ದೆ. ಅದನ್ನು ಮೊಳಕೆ ಹೊರಗೆ ದೂಡಿ, ಆ ಜಾಗದಲ್ಲಿ ತಾನು ನೋಡುತ್ತಿದೆ.

ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ನಗು ಬಂತು. ನಮ್ಮ ಕಡೆ ಐದು ವರ್ಷ ಮಳೆಗೆ ಬೇಡಿಕೊಂಡರೂ ಮಣ್ಣಿನ ಎತ್ತು ಮಣ್ಣಾಗಿಯೇ ಉಳಿಯುತ್ತದೆ. ಇಲ್ಲಿ ಬೇಡದೆಯೇ ಜೀವ ಬರುತ್ತದೆ. ಪದ್ಧತಿ ಪ್ರಕಾರ ಎತ್ತುಗಳನ್ನು ನೀರಿಗೆ ಬಿಡಬೇಕು. ಬಿಡಲು ಮನಸ್ಸಾಗಲಿಲ್ಲ.

ಕಿಟಕಿಯ ಕೆಳಗಿನದು ಬಳ್ಳಿ ಎಂದು ಗೊತ್ತಾಯಿತು. ಹೊರಗೂ ಅದರ ಅಕ್ಕತಂಗಿಯರಿದ್ದಾರೆ. ಗೋಡೆ ಹತ್ತಿ ಬರುತ್ತಿದ್ದಾರೆ.

ಜುಲೈ 22

ತುಳಸಿದಾಸನ ಅಂಗಡಿಯ ಕಾಯಿನ್ ಬಾಕ್ಸಿನಿಂದ ಫೋನು ಮಾಡಿದೆ. ಸುಮ್ಮಿ ಒಂದೇ ಸಮ ಮಾತಾಡಿದಳು. ಹಲ್ಲು ಬಿತ್ತಂತೆ, ಮಾಳಿಗೆ ಮೇಲೆ ಎಸೆದಳಂತೆ, ಅಜ್ಜಿ ಬೆಲ್ಲ ಬಚ್ಚಿಡುತ್ತಾಳಂತೆ. "ಅವ್ವಾ, ಅಲ್ಲಿ ನನಗ ಮಂಚ ಅದ?" ಅದ ನನ್ನವ್ವಾ, ನಿನ್ನೆ ತಂದೆ. "ಕಿಡಕಿ ಅದ?" ಅದ. "ಕಿಡಕ್ಯಾಗಿಂದ ಏನ್ ಕಾಣ್ತದ?"

ಏನು ಹೇಳುವುದು? ಎಲೆ ಕಾಣುತ್ತದೆ. "ಎಲಿ" ಅಂದೆ. "ಮತ್ತ?" ಅಂದಳು. ಮತ್ತೆ ಎಲೆ. ಅವಳು ಬಿದ್ದು ಬಿದ್ದು ನಕ್ಕಳು. ಆ ನಗುವನ್ನು ತುಂಬಿಕೊಂಡು ಕೊಡೆ ಬಿಚ್ಚದೆ ಮನೆಗೆ ಬಂದೆ.

ತುಟಿ ಒಡೆಯುವುದು ನಿಂತಿದೆ. ಹಿಮ್ಮಡಿಯ ಬಿರುಕು ಕೂಡಿಕೊಂಡಿದೆ. ಮದುವೆಯಾದಾಗಿನಿಂದ ಸಿದ್ರಾಮ ಛೇಡಿಸುತ್ತಿದ್ದ ಹಿಮ್ಮಡಿ! ನೀರಡಿಕೆಯೂ ಆಗುವುದಿಲ್ಲ. ಶಾಲೆಗೆ ಒಯ್ದ ಬಾಟಲಿ ತುಂಬಿದ್ದು ತುಂಬಿದ ಹಾಗೇ ಬರುತ್ತದೆ.

ಆಗಸ್ಟ್ 4

ಬಳ್ಳಿ ಮಂಚದ ಕಾಲು ಹಿಡಿದಿದೆ. ಹೊರಗಿನವರೂ ಒಳಗೆ ಬಂದದ್ದರಿಂದ ಕಿಟಕಿಯ ಕದ ಮುಚ್ಚಲು ಬರುವುದಿಲ್ಲ. ಮುಚ್ಚಿದರೆ ಕುತ್ತಿಗೆ ಹಿಚುಕಿದ ಹಾಗೆ. ತೆರೆದೇ ಇಟ್ಟಿದ್ದೇನೆ.

ಗೋದಾವರಿಬಾಯಿ ಬಾಡಿಗೆ ಕೇಳಲು ಬಂದವರು ಕೋಣೆ ನೋಡಿ ಹೊಸ್ತಿಲಲ್ಲೇ ನಿಂತರು.

"ಇದೆಂತಾ ಅಕ್ಕೋರೆ?"

"ಬಳ್ಳಿರಿ."

"ಬಳ್ಳಿ ಅಂದ್ರೆ ನಂಗೆ ಗೊತ್ತುಂಟು. ಒಳಗೆಂತಕ್ಕೆ? ಇದು ವರ್ಷಾ ಬತ್ತದೆ, ನಾವು ವರ್ಷಾ ಕಡೀತೇವೆ. ಕಡಿದ್ರೆ ಅದು ಸುಮ್ನೆ ಹೋತದೆ. ಬಿಟ್ರೆ ಹೋಗೂದಿಲ್ಲ."

"ಹೂ ಬಿಡ್ತದೇನ್ರಿ?"

ಅವರು ನನ್ನ ಮುಖ ನೋಡಿದರು. "ಹೂ ಬಿಡೂವರೆಗೆ ಯಾರೂ ಇಟ್ಕಂಡಿಲ್ಲ" ಅಂದರು. ಬಾಡಿಗೆ ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಆಗಸ್ಟ್ 20

ಕಾರವಾರಕ್ಕೆ ತರಬೇತಿಗೆ ಹೋಗಿ ಬಂದೆ. ಮೂರು ದಿನ. ಆ ಊರಿನ ಹೆಸರು ಬರೆಯುವುದೂ ಬೇಡ ಅನಿಸುತ್ತದೆ. ಸಿಮೆಂಟಿನ ಸಭಾಂಗಣ, ತಲೆ ಮೇಲೆ ಗರಗರ ಫ್ಯಾನು. ಮೊದಲ ದಿನ ಮಧ್ಯಾಹ್ನಕ್ಕೆ ಗಂಟಲು ಒಣಗಿ ಮಾತು ನಿಂತಿತು. ಕೈಯ ಚರ್ಮ ಸೆಳೆಯತೊಡಗಿತು. ಎದ್ದು ಹೊರಗೆ ಹೋಗಿ, ಮಾಡಿನಿಂದ ನೀರು ಬೀಳುವಲ್ಲಿ ತಲೆ ಒಡ್ಡಿ ನಿಂತೆ. ಆಗ ಜೀವ ಬಂತು.

ಅಲ್ಲಿಗೇ ಕಸ್ತೂರಿ ಹುಡುಕಿಕೊಂಡು ಬಂದಳು. ಮುದ್ದೇಬಿಹಾಳದವಳು, ನನ್ನ ಜೊತೆಗೇ ಆರ್ಡರ್ ಸಿಕ್ಕಿತ್ತು, ದೇವಬಾಗದ ಕಡೆ ಶಾಲೆ. ನನ್ನ ಕೈ ಹಿಡಿದವಳು ತಟ್ಟನೆ ಬಿಟ್ಟಳು.

"ಮಹಾನಂದಾ, ಏನಾಗ್ಯದ ನಿನಗ? ಮೈ ಇಷ್ಟು ತಣ್ಣಗ ಅದ. ಕಣ್ಣ ಮಿಟಕಸದ ಹಂಗ ನೋಡ್ಲಾಕತ್ತೀದಿ."

"ಏನಿಲ್ಲ, ಹವಾ ಬದಲಾಗ್ಯದ."

"ನನಗೂ ಬದಲಾಗ್ಯದ. ನನಗ ನೆಗಡಿ ಬಂದದ, ಕಾಲಬೆರಳ ಸಂದ್ಯಾಗ ಹುಣ್ಣಾಗ್ಯಾವ, ದಿನಾ ಅಳ್ತೀನಿ. ನಿನಗ ಏನೂ ಆಗಿಲ್ಲಲ್ಲ, ಅದಕ್ಕ ಅಂಜಿಕಿ ಬರ್ತದ. ನನ್ನ ರೂಮಿಗೆ ಬಂದುಬಿಡು, ಇಬ್ರೂ ಕೂಡಿ ಇರೋಣು."

ಕಸ್ತೂರಿ ಮೊದಲಿಂದಲೂ ಅಂಜುಬುರುಕಿ. ಅವಳಿಗೆ ಸಮಾಧಾನ ಹೇಳಿದೆ. ಹೋಗುವಾಗ ಅವಳು ನನಗೆ ಒಂದು ಪುಡಿಕೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಕೊಟ್ಟಳು. ಬಸ್ಸಿನಲ್ಲಿ ಬಿಚ್ಚಿ ನಾಲಿಗೆಗೆ ಇಟ್ಟುಕೊಂಡೆ. ಮಣ್ಣು ತಿಂದ ಹಾಗಾಯಿತು, ಒಣ ಮಣ್ಣು. ಪಕ್ಕದ ಮುದುಕಿಗೆ ಕೊಟ್ಟುಬಿಟ್ಟೆ.

ಮನೆಗೆ ಬಂದಾಗ ಬಳ್ಳಿಯ ಎಲೆಗಳೆಲ್ಲ ಬಾಗಿಲ ಕಡೆ ತಿರುಗಿದ್ದವು. ಬೆಳಕಿಗೆ ತಿರುಗಿರಬೇಕು ಪಾಪ. ಆದರೆ ಕಿಟಕಿ ಇನ್ನೊಂದು ಕಡೆ ಇದೆ.

ಸೆಪ್ಟೆಂಬರ್ 4

ಚೌತಿ ಬಂತು. ಇಲ್ಲಿ ಗಣಪತಿ ಮನೆಯೊಳಗೆ ಬರುವ ಮೊದಲು ಮಳೆಗಾಲದ ಕಳೆ ಎಲ್ಲ ಸವರಿ ಅಂಗಳ ಬೋಳು ಮಾಡುವ ಪದ್ಧತಿ. ಹಬ್ಬಕ್ಕೆ ಗಣಪತಿಯ ತಲೆ ಮೇಲೆ ಫಲಾವಳಿ ಕಟ್ಟಲು ಕಾಡಿನ ಕಾಯಿ, ಹೂವು ಎಲ್ಲ ತರುತ್ತಾರೆ. ಮನೆಗೆ ತಾಗಿದ್ದನ್ನು ಮಾತ್ರ ಕಡಿಯುತ್ತಾರೆ. ಇದ್ಯಾವ ನ್ಯಾಯ?

ಗೋದಾವರಿಬಾಯಿ ಕಾಮಿಯನ್ನು ಕತ್ತಿ ಕೊಟ್ಟು ಕಳಿಸಿದ್ದರು. ನಾನು ಬಟ್ಟೆ ಒಗೆಯುತ್ತಿದ್ದೆ. ಚರಕ್ ಎಂದು ಸದ್ದು ಕೇಳಿತು. ನನಗೆ ಗೊತ್ತಾಗುವುದರೊಳಗೆ ಎದ್ದು ಓಡಿ, ಅವಳ ಕತ್ತಿಯ ಅಲಗನ್ನೇ ಹಿಡಿದಿದ್ದೆ.

"ಬಿಡಿ ಅಕ್ಕೋರೆ! ಕೈ ಹೋತದೆ!"

"ನೀ ಬಿಡು. ನೀ ಬಿಡು ಮದಲ."

"ಗೋದಾವರಿಬಾಯಿ ಹೇಳಿದ್ದು. ನಂಗೆ ಕೂಲಿ ಕೊಟ್ಟದೆ."

"ಕೂಲಿ ನಾ ಕೊಡ್ತೀನಿ. ಹೋಗು. ಇನ್ನೊಮ್ಮಿ ಈ ಹಿತ್ತಲಕ್ಕ ಕಾಲಿಟ್ಟಿ ಅಂದ್ರ ನೋಡು!"

ಅಷ್ಟು ದೊಡ್ಡ ದನಿ ನನಗೆ ಎಲ್ಲಿಂದ ಬಂತೋ. ಕಾಮಿ ಕತ್ತಿ ಎದೆಗವಚಿಕೊಂಡು ಹಿಂದೆ ಹಿಂದೆ ಸರಿದಳು. ಬೇಲಿಯ ಹತ್ತಿರ ನಿಂತು, "ನಿಮ್ ಮಗಳು ಬತ್ತದೆ ಅಂದ್ರಿ. ಅದು ಎಲ್ ಮಲಗ್ತದೆ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೋದಳು. ನನಗೆ ತುಂಬಾ ಸಿಟ್ಟು ಬಂತು. ಮಂಚ ಇರುವುದು ಯಾರಿಗೆ? ಸುಮ್ಮಿಗೇ ಅಲ್ಲವೇ?

ಅಂಗೈ ಕೊಯ್ದುಕೊಂಡಿತ್ತು. ರಕ್ತ ಅಷ್ಟೇನೂ ಬರಲಿಲ್ಲ. ಕಡಿದ ಬಳ್ಳಿಯ ತುದಿಗೆ ಒದ್ದೆ ಬಟ್ಟೆ ಸುತ್ತಿದೆ. ಉಳಿದ ಬಟ್ಟೆ ಅಂಗೈಗೆ ಕಟ್ಟಿಕೊಂಡೆ.

ಸೆಪ್ಟೆಂಬರ್ 13

ತುದಿ ಚಿಗುರಿದೆ.

ಸೆಪ್ಟೆಂಬರ್ 21

ಹರಿಶ್ಚಂದ್ರ ಮಾಸ್ತರು ಕರೆದು, "ಅಕ್ಕೋರೆ, ಒಂದ್ ವಾರ ರಜಾ ಹಾಕಿ ಊರಿಗೆ ಹೋಗ್ ಬನ್ನಿ" ಅಂದರು. ಯಾಕ್ರಿ ಅಂದೆ. ನೆಲ ನೋಡುತ್ತಾ, "ಪಾಠ ಮಾಡೂಕೆ ನಿಂತವ್ರು ಹಂಗೇ ನಿಂತ್ಕಂತ್ರಂತೆ. ಬೆಲ್ ಹೊಡದ್ರೂ ನಿಂತ್ಕಂತ್ರಂತೆ. ಮಕ್ಕಳು ಹೆದರ್ತವೆ" ಅಂದರು.

ಕಿಟಕಿಯ ಹೊರಗೆ ಗಾಳಿ ಬೀಸುತ್ತಿದ್ದರೆ ನಾನೇನು ಮಾಡಲಿ? ನೋಡುವುದಕ್ಕೆ ನಿಂತಿರುತ್ತೇನೆ. ಊರಿಗೆ ಹೋಗುವ ಮಾತು ಎತ್ತಿದ್ದಕ್ಕೆ ಗಂಟಲು ಒಣಗಿತು. ಹೋಗಿ ಬಾವಿಕಟ್ಟೆಯ ಮೇಲೆ ಕೂತೆ.

ಒಲೆ ಹಚ್ಚುವುದು ಬಿಟ್ಟಿದ್ದೇನೆ. ಹೊಗೆ ಅವಳಿಗೆ ಆಗುವುದಿಲ್ಲ, ಎಲೆಯ ಅಂಚು ಮುದುಡುತ್ತದೆ. ಅಕ್ಕಿ ನೆನೆಸಿಟ್ಟು ತಿಂದರೂ ನಡೆಯುತ್ತದೆ.

ಸೆಪ್ಟೆಂಬರ್ 29

ಇವತ್ತು ಶಾಲೆಗೆ ಹೋಗಲಿಲ್ಲ. ಅವಳ ಪಕ್ಕ ಕೂತಿದ್ದೆ. ಮಳೆ ಸಣ್ಣಗೆ ಬಂತು, ಹೋಯಿತು, ಬಂತು.

ಅಕ್ಟೋಬರ್ 5

ಸಿದ್ರಾಮ ಗೋದಾವರಿಬಾಯಿಯ ಮನೆಗೆ ಫೋನು ಮಾಡಿದ್ದ. ದಸರೆ ಮುಗಿದ ಮಾರನೇ ದಿನ ಹೊರಡುತ್ತಾನಂತೆ. ಸುಮ್ಮಿಯನ್ನು ಕರೆದುಕೊಂಡು!

"ಮನಿ ಹಸನಾಗ್ಯದ?" ಅಂದ.

"ಆಗ್ಯದ" ಅಂದೆ.

"ಯಾರ್ ಮಾತಾಡೂದು? ಮಹಾನಂದಾಗ ಕರೀರಿ" ಅಂದ.

"ನಾನಽ ರೀ."

"ನಿನ್ನ ದನಿ ಗುರ್ತಽ ಹತ್ತಲಿಲ್ಲ" ಅಂದ. ಈ ಲ್ಯಾಂಡ್‌ಲೈನುಗಳೇ ಹೀಗೆ, ಮಳೆಗಾಲದಲ್ಲಿ ತಂತಿಯೊಳಗೆ ನೀರು ಹೋಗುತ್ತದೆ.

ಮನೆಗೆ ಬಂದು ಕೂತು ಅತ್ತೆ. ಸಂತೋಷಕ್ಕೇ ಅತ್ತಿರಬೇಕು. ನನ್ನ ಮಗಳು ಬರುತ್ತಾಳೆ. ಅವಳನ್ನು ನೋಡದೆ ನಾಲ್ಕು ತಿಂಗಳು. ಅವಳ ಮುಖ ನೆನಪು ಮಾಡಿಕೊಳ್ಳಲು ಹೋದೆ, ಹಲ್ಲು ಬಿದ್ದದ್ದು ಮೇಲಿನದೋ ಕೆಳಗಿನದೋ ಕೇಳಿರಲಿಲ್ಲ. ಮುಖ ಸರಿಯಾಗಿ ಕೂಡಲಿಲ್ಲ. ಕೋಣೆ ಗುಡಿಸಬೇಕು ಎಂದು ಪೊರಕೆ ಹಿಡಿದು ಹೋದೆ. ನೆಲ ಎಲ್ಲಿದೆ ಗುಡಿಸಲು? ಎಲೆಗಳ ಮೇಲೆಯೇ ಕೈಯಾಡಿಸಿ ಬಂದೆ.

ಅಕ್ಟೋಬರ್ 14

ಬಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಸುಮ್ಮಿ ಅಪ್ಪನ ಕೈಬಿಟ್ಟು ಓಡಿ ಬಂದವಳು ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ಉದ್ದ ಆಗಿದ್ದಾಳೆ. ಮೇಲಿನ ಹಲ್ಲು. ನಾನು ಕೈ ಚಾಚಿದೆ. ಬಂದಳು, ಅಪ್ಪಿಕೊಂಡಳು, ಆದರೆ ಮುಖ ಹೊರಳಿಸಿಕೊಂಡು. "ಅವ್ವಾ, ನೀ ಹಸಿ ಆಗೀದಿ" ಅಂದಳು. ಅವಳ ನೆತ್ತಿಯಿಂದ ಬಿಸಿಲಿನ ವಾಸನೆ ಬರುತ್ತಿತ್ತು. ಅದನ್ನು ಮೂಸಿ ಎದೆ ಕಿತ್ತು ಬಂತು, ತಲೆ ಸುತ್ತಿತು, ಎರಡೂ ಒಟ್ಟಿಗೆ.

ಸಿದ್ರಾಮ ಟ್ರಂಕು ಇಳಿಸಿ ಒಳಗೆಲ್ಲ ನೋಡಿದ. ಒಲೆಯಲ್ಲಿ ಅಣಬೆ ಎದ್ದಿರುವುದನ್ನು ನಾನೂ ಆಗಲೇ ನೋಡಿದ್ದು. ಅವನು ಒಲೆಯ ಬೂದಿ ಮುಟ್ಟಿ ನೋಡಿದ. ಸುಮ್ಮಿ ಮಾತ್ರ, "ನನ್ನ ಮಂಚ ಎಲ್ಲದ?" ಎಂದು ಹಿಂದಿನ ಕೋಣೆಗೆ ಓಡಿದಳು. ನಾವಿಬ್ಬರೂ ಹಿಂದೆ ಹೋದೆವು.

ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಮಂಚದ ತುಂಬ ಎಲೆ. ನಡುವೆ ಉಬ್ಬಿ, ತಲೆಯ ಕಡೆ ದುಂಡಗೆ, ಕಾಲಿನ ಕಡೆ ಸಣ್ಣಗೆ. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ನಾನು ಅದನ್ನು ಬಾಗಿಲಿನಿಂದ ನೋಡಿರಲಿಲ್ಲ.

"ಅವ್ವಾ, ಇಲ್ಲಿ ಯಾರ ಮಲಗ್ಯಾರ?"

"ಎಬ್ಬಿಸಬ್ಯಾಡವ್ವಾ" ಅಂದೆ.

ಬಾಯಿಂದ ಬಂದುಬಿಟ್ಟಿತು. ಸುಮ್ಮಿ ನನ್ನ ಕಡೆ ತಿರುಗಿ ನೋಡಿದಳು. ಸಿದ್ರಾಮ ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದ. ಗೋದಾವರಿಬಾಯಿ ಬಂದು ಅವರಿಬ್ಬರನ್ನೂ ತಮ್ಮ ಮನೆಗೆ ಊಟಕ್ಕೆ ಕರೆದರು. ಸಂಜೆ ಸಿದ್ರಾಮ ಒಬ್ಬನೇ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಅಂಗೈ ಹಿಡಿದು ಗಾಯದ ಕಲೆ ನೋಡಿದ. ಅದು ತಿಳಿ ಹಸಿರಿಗೆ ತಿರುಗಿದೆ.

"ನೌಕರಿ ಹಾಳಾಗಿ ಹೋಗ್ಲಿ. ನಾಳಿ ನಮ್ಮ ಜೋಡಿ ಬಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಖರೇನ. ನಾನಽ ಕಳಿಸಿದ್ದು. ಈಗ ನಾನಽ ಕರ್ಕೊಂಡು ಹೋಗ್ತೀನಿ."

"ಸುಮ್ಮಿ?"

"ಸುಮ್ಮಿಗೆ ಅವ್ವ ಬೇಕು."

ಅದಕ್ಕಿಂತ ದೊಡ್ಡ ಮಾತು ಯಾವುದಿದೆ? ಹೂಂ ಅಂದೆ. ನಿಜವಾಗಿಯೇ ಅಂದೆ. ನನಗೆ ನನ್ನ ಮಗಳು ಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಡುತ್ತೇನೆ, ನಾಳೆ ಮರೆಯದ ಹಾಗೆ: ನನಗೆ ನನ್ನ ಮಗಳು ಬೇಕು.

ಅಕ್ಟೋಬರ್ 15

ಬೆಳಿಗ್ಗೆ ಅಂಕೋಲೆಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆವು. ಹಿಂದಿನ ಕೋಣೆಯ ಕಡೆ ಹೋಗದೆ, ಹೇಳದೆ ಬಂದೆ. ಕಿಟಕಿಯ ಪಕ್ಕ ಸುಮ್ಮಿ, ನಡುವೆ ನಾನು, ಈಚೆ ಸಿದ್ರಾಮ. ಹಗಲು ಬೆಳಕಿನಲ್ಲಿ ಅವಳಿಗೆ ಧೈರ್ಯ ಬಂದಿತ್ತು. ನನ್ನ ತೊಡೆಯ ಮೇಲೆ ತಲೆ ಇಟ್ಟು, ಅಜ್ಜಿ ಬೆಲ್ಲ ಎಲ್ಲಿ ಬಚ್ಚಿಡುತ್ತಾಳೆಂದು ಕಿವಿಯಲ್ಲಿ ಹೇಳಿದಳು. ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡಳು. ಎಷ್ಟು ಸುಖವಾಗಿತ್ತು ಎಂದರೆ, ಸೀದಾ ವಿಜಾಪುರ ಬಂದರೂ ಏನೂ ಆಗಲಾರದು ಅನಿಸಿತ್ತು.

ಸುಂಕಸಾಳದಲ್ಲಿ ಚಹಾಕ್ಕೆ ಬಸ್ಸು ನಿಂತಿತು. "ಇನ್ನ ಘಟ್ಟ. ಹತ್ತಿದ್ರ ನಮ್ಮ ನಾಡು" ಎಂದು ಸಿದ್ರಾಮ ನನ್ನನ್ನು ನಗಿಸಲು ನೋಡಿದ. ಸುಮ್ಮಿ ನೀರು ಬೇಕು ಅಂದಳು. ಬಾಟಲಿ ತೆಗೆದುಕೊಂಡು ನಾನೇ ಇಳಿದೆ. ಹೊಟೇಲಿನ ಹಿಂದೆ ಹಳ್ಳ ಹರಿಯುತ್ತಿತ್ತು. ಚಪ್ಪಲಿ ಬಿಟ್ಟು ನೀರಿಗಿಳಿದೆ. ಬಾಟಲಿ ತುಂಬಿದೆ. ಮುಚ್ಚಳ ಹಾಕಿದೆ.

ಬಸ್ಸು ಹಾರ್ನ್ ಹಾಕಿತು. ಹೋಗಬೇಕೆಂದೇ ಇದ್ದೆ.

ಸಿದ್ರಾಮ ಹುಡುಕಿಕೊಂಡು ಬಂದ. "ಮಹಾನಂದಾ!" ನನ್ನ ಹೆಸರನ್ನು ಅಷ್ಟು ಗಟ್ಟಿಯಾಗಿ ಅವನು ಯಾವತ್ತೂ ಕರೆದವನಲ್ಲ. ನಾನು ದಡದ ಗಿಡಗಳ ನಡುವೆ ನಿಂತಿದ್ದೆ. ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದ, ನನ್ನ ಚಪ್ಪಲಿ ಎತ್ತಿಕೊಂಡ, ನಾನಿದ್ದ ಕಡೆಯೇ ನೋಡಿದ. ಕಣ್ಣು ಸರಿಸಿ ಮತ್ತೊಂದು ಕಡೆ ನೋಡಿದ. ನಾನು ಒಮ್ಮೆ 'ಓ' ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಈಗಲೂ ಕೂತು ಯೋಚಿಸುತ್ತಿದ್ದೇನೆ.

ಕಂಡಕ್ಟರ್ ಬಂದು, "ಅಕ್ಕೋರು ಅಂಕೋಲೆ ಬದಿಗೆ ತಿರುಗಿ ಹೋಗಿರ್ಬೇಕು. ಎಷ್ಟೊತ್ತು ಕಾಯೂದು?" ಅಂದ. ಸಿದ್ರಾಮ ಚಪ್ಪಲಿ ಕೈಯಲ್ಲಿ ಹಿಡಿದೇ ಬಹಳ ಹೊತ್ತು ನಿಂತ. ಬಸ್ಸಿನಿಂದ ಸುಮ್ಮಿ "ಅಪ್ಪಾ" ಎಂದು ಅಳುತ್ತಾ ಕೂಗಿದ ಮೇಲೆ ತೋಳಿನಿಂದ ಮುಖ ಒರೆಸಿಕೊಂಡು ಹೋದ.

ಬಸ್ಸು ಹೊರಳುವಾಗ ಕಿಟಕಿ ನನ್ನ ಎದುರಿಗೇ ಬಂತು. ಸುಮ್ಮಿ ಸರಳು ಹಿಡಿದು ನೇರ ನನ್ನನ್ನೇ ನೋಡಿದಳು. "ಅಪ್ಪಾ, ಅಲ್ಲಿ ಯಾರೋ ನಿಂತಾರ."

"ಯಾರೂ ಇಲ್ಲವ್ವಾ" ಅಂದ ಸಿದ್ರಾಮ. "ಗಿಡ ಅದ."

ಒಂದು ಮರಳಿನ ಲಾರಿಯವನು ಬೆಳಂಬಾರದ ತಿರುವಿನವರೆಗೆ ಬಿಟ್ಟ. ಬರಿಗಾಲಲ್ಲಿ ನಡೆದು ಬಂದೆ. ತಂಪಾಗಿದೆ. ತುಂಬಿದ ಬಾಟಲಿ ಇನ್ನೂ ಕೈಯಲ್ಲೇ ಇದೆ, ಕೆಳಗಿಡಲು ಆಗುತ್ತಿಲ್ಲ. ಘಟ್ಟ ಹತ್ತಿದ ಮೇಲೆ ಯಲ್ಲಾಪುರದಲ್ಲಿ ಬಸ್ಸು ನಿಲ್ಲುತ್ತದೆ. ಅಲ್ಲಿ ಸುಮ್ಮಿಗೆ ಯಾರಾದರೂ ನೀರು ಕೊಟ್ಟಿರುತ್ತಾರೆ.